ಆಯುಧವೂ ಅನುಕೂಲವೂ: ಹಳೆಯ ಸ್ಕಾಟ್ಸ್ ಭಾಷೆಯ ಕೆಲವು ಪದಗಳು

ಸ್ಕಾಟ್ಲೆಂಡಿನ ತಗ್ಗುನಾಡಿನಲ್ಲಿ ಬೆಳೆದ, ಇಂಗ್ಲಿಷಿನ ಸೋದರಿಯೆನ್ನಬಹುದಾದ ಸ್ಕಾಟ್ಸ್ ಭಾಷೆಯಲ್ಲಿ ‘ಬೋಡಿನ್’ ಎಂಬ ಹಳೆಯ ಪದವೊಂದಿದ್ದು, ಬೇಕಾದುದನ್ನೆಲ್ಲ ಹೊಂದಿಸಿಕೊಂಡವನು ಎಂಬುದೇ ಅದರ ಮೂಲ ಭಾವ. ಆದರೆ ಹಳೆಯ ಶಾಸನಗಳಲ್ಲಿಯೂ ಅಪರಾಧ ವಿಚಾರಣೆಯ ಕಡತಗಳಲ್ಲಿಯೂ ಅದು ಬಹುಮಟ್ಟಿಗೆ ‘ಬೋಡಿನ್ ಇನ್ ಫೇರ್ ಆಫ್ ವೇರ್’ ಎಂದು, ಅಂದರೆ ಯುದ್ಧಸನ್ನದ್ಧನಾಗಿ ಬಂದವನು ಎಂಬ ಅರ್ಥದಲ್ಲಿ ಕಾಣಿಸಿಕೊಳ್ಳುತ್ತದೆ.

ಅನುಕೂಲಸ್ಥನನ್ನೂ ಆಯುಧಪಾಣಿಯನ್ನೂ ಒಂದೇ ಪದ ಸೂಚಿಸುವುದು ಆ ನಾಡಿನ ಕಾನೂನನ್ನು ಬಲ್ಲವರಿಗೆ ಸಹಜವಾಗಿಯೇ ತೋರುತ್ತದೆ. ಇಂಗ್ಲಿಷರ ವಿರುದ್ಧ ಬ್ಯಾನಕ್‌ಬರ್ನ್ ಕದನ ನಡೆದ ನಾಲ್ಕು ವರ್ಷಗಳ ಮೇಲೆ, 1318ರಲ್ಲಿ, ದೊರೆ ರಾಬರ್ಟ್ ಬ್ರೂಸ್ ಸ್ಕೋನ್‌ನಲ್ಲಿ ಹೊರಡಿಸಿದ ಕಟ್ಟಳೆಯಂತೆ, ಹತ್ತು ಪೌಂಡ್ ಬೆಲೆಯ ಸೊತ್ತುಳ್ಳವನು ದಪ್ಪನೆಯ ಹೊಲಿಗೆಯ ಮೆತ್ತೆಗವಚ, ಉಕ್ಕಿನ ಶಿರಸ್ತ್ರಾಣ, ಲೋಹದ ಕೈಗವಸು, ಈಟಿ ಮತ್ತು ಕತ್ತಿಗಳನ್ನು ಇಟ್ಟುಕೊಂಡಿರಬೇಕಿತ್ತು; ಒಂದು ಹಸುವಿನ ಬೆಲೆಯಷ್ಟೇ ಬದುಕುಳ್ಳ ಬಡವನಿಗೂ ಒಂದು ಒಳ್ಳೆಯ ಈಟಿ, ಇಲ್ಲವೇ ಬಿಲ್ಲು ಮತ್ತು 24 ಬಾಣಗಳು ಕಡ್ಡಾಯವಾಗಿದ್ದವು. ರಾಜ್ಯವು ಪ್ರಜೆಯ ಕೊಟ್ಟಿಗೆಯನ್ನು ನೋಡಿ ಅವನ ಆಯುಧವನ್ನು ಗೊತ್ತುಮಾಡಿದ ಈ ವ್ಯವಸ್ಥೆಯಲ್ಲಿ ಸಿರಿಗೂ ಸನ್ನಾಹಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವೇ ಸರಿ.

ಗೊತ್ತುಮಾಡಿದ ಆಯುಧಗಳನ್ನು ಪ್ರಜೆಗಳು ಇಟ್ಟುಕೊಂಡಿದ್ದಾರೆಯೇ ಎಂದು ಪರೀಕ್ಷಿಸುವ ಕೂಟಕ್ಕೆ ‘ವಾಪಿನ್‌ಷಾ’, ಎಂದರೆ ಆಯುಧ ಪ್ರದರ್ಶನ, ಎಂಬ ಹೆಸರಿತ್ತು. 1458ರ ಶಾಸನವು ಇಂತಹ ಕೂಟಗಳು ತಪ್ಪದೆ ನಡೆಯಬೇಕೆಂದು ವಿಧಿಸಿದುದಲ್ಲದೆ, ಬಿಲ್ಲುಗಾರಿಕೆಗೆ ಅಡ್ಡಿಯೆಂದು ಫುಟ್‌ಬಾಲನ್ನೂ ಗಾಲ್ಫನ್ನೂ ನಿಷೇಧಿಸಿತು. ಗಾಲ್ಫಿನ ಹೆಸರು ಲಿಖಿತವಾಗಿ ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು ಎಂಬುದು ಗಮನಾರ್ಹ.

ಸಿರಿಯನ್ನೂ ಸನ್ನಾಹವನ್ನೂ ಬೆಸೆಯುವ ಪದ ‘ಬೋಡಿನ್’ ಒಂದೇ ಅಲ್ಲ. ‘ಗಿಯರ್’ ಎಂಬ ಪದಕ್ಕೆ ಸ್ಕಾಟ್ಸ್‌ನಲ್ಲಿ ಯುದ್ಧಸಾಮಗ್ರಿಯೆಂಬ ಅರ್ಥವೂ ಹಣಕಾಸು, ಆಸ್ತಿ ಎಂಬ ಅರ್ಥವೂ ಇವೆ. ಪ್ರಾಚೀನ ನಾರ್ಸ್ ಭಾಷೆಯಿಂದ ಬಂದ ‘ಗ್ರೇತ್’ ಯೋಧನ ಸಜ್ಜನ್ನು ಹೇಳುತ್ತಿದ್ದಂತೆಯೇ ಕುದುರೆಯ ಜೀನು ಲಗಾಮುಗಳಿಗೂ ಕಸುಬುದಾರರ ಉಪಕರಣಗಳಿಗೂ ಸಲ್ಲುತ್ತದೆ. ಫ್ರೆಂಚ್ ಮೂಲದ ‘ಪ್ಲೆನಿಷ್’ ಎಂದರೆ ಮನೆಯನ್ನೋ ಹೊಲವನ್ನೋ ಸಾಮಾನು ಸರಂಜಾಮುಗಳಿಂದ ತುಂಬಿಸುವುದು. ಈ ಸರಂಜಾಮುಗಳಲ್ಲಿ ಪಾತ್ರೆಪಡಗ, ಹಾಸಿಗೆ, ಪೆಟ್ಟಿಗೆಗಳು ‘ಇನ್‌ಸೈಟ್’ ಎನಿಸಿದರೆ, ದನಕರು ಹಾಗೂ ಬೇಸಾಯದ ಸಾಧನಗಳು ‘ಔಟ್‌ಸೈಟ್’ ಎನಿಸುತ್ತಿದ್ದವು. ಉಳಿದವುಗಳಲ್ಲಿ ಅತ್ಯಂತ ಹೃದ್ಯವಾದುದು ‘ಬೀನ್’ ಎಂಬ ವಿಶೇಷಣ: ಉಂಡುಟ್ಟು ಸುಖವಾಗಿರುವ ಕುಟುಂಬಕ್ಕೂ, ಉಗ್ರಾಣ ತುಂಬಿ ಬೆಚ್ಚಗಿರುವ ಮನೆಗೂ ಅದು ಒಪ್ಪುತ್ತದೆ.

ಜಾನ್ ಜೇಮಿಸನ್ 1808ರಲ್ಲಿ ಪ್ರಕಟಿಸಿದ ನಿಘಂಟು ಈ ಬಗೆಯ ಪದಸಂಪತ್ತಿಗೆ ಮೊದಲ ದೊಡ್ಡ ಆಸರೆಯಾಯಿತು. ವಿಲಿಯಂ ಕ್ರೇಗಿ ಆರಂಭಿಸಿದ ಪ್ರಾಚೀನ ಸ್ಕಾಟ್ಸ್ ಭಾಷೆಯ ನಿಘಂಟು ಹನ್ನೆರಡು ಸಂಪುಟಗಳಾಗಿ ಬೆಳೆದು 2002ರಲ್ಲಿ ಪೂರ್ಣಗೊಂಡಿತು.