66 ದಿನಗಳ ಮೌನ ಮತ್ತು ಅಂಗೈಯೊಳಗಿನ ಪರದೆ

ಋಜುಕೂಲಾ ನದಿಯ ತೀರದಲ್ಲಿ ವರ್ಧಮಾನ ಮಹಾವೀರರಿಗೆ ಕೇವಲಜ್ಞಾನ ಪ್ರಾಪ್ತಿಯಾಯಿತು. ದೇವತೆಗಳು ಸಮವಸರಣವನ್ನು ರಚಿಸಿದರು. ದೇವ, ಮನುಷ್ಯ, ತಿರ್ಯಂಚ ಜೀವಿಗಳೆಲ್ಲ ಬಂದು ನೆರೆದರು. ಆದರೆ ದಿವ್ಯಧ್ವನಿ ಹೊರಡಲಿಲ್ಲ. ದಿಗಂಬರ ಪರಂಪರೆಯು ಹೇಳುವಂತೆ ಭಗವಂತರು 66 ದಿನಗಳ ಕಾಲ ಮೌನವಾಗಿಯೇ ಇದ್ದರು. ಆ ಉಪದೇಶವನ್ನು ಗ್ರಹಿಸಿ, ಧರಿಸಿ, ಲೋಕಕ್ಕೆ ತಲುಪಿಸಬಲ್ಲ ಗಣಧರರು ಅಲ್ಲಿ ಇಲ್ಲದಿದ್ದುದೇ ಇದಕ್ಕೆ ಕಾರಣ. ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಹೋಗಿ, ವೇದಪಾರಂಗತನಾದ ಇಂದ್ರಭೂತಿ ಗೌತಮನ ಮುಂದೆ ಪ್ರಶ್ನೆಯೊಂದನ್ನಿಟ್ಟನು. ಉತ್ತರ ತೋಚದ ಆ ಪಂಡಿತನು ವಾದಕ್ಕೆಂದು ಸಮವಸರಣಕ್ಕೆ ಬಂದನು. ಮಾನಸ್ತಂಭವನ್ನು ಕಂಡೊಡನೆ ಆತನ ಅಹಂಕಾರ ಕರಗಿತು. ಆಗ ವಿಪುಲಾಚಲದಲ್ಲಿ ದಿವ್ಯಧ್ವನಿ ಮೊಳಗಿತು. ಆ ದಿನವನ್ನೇ ಇಂದಿಗೂ ವೀರಶಾಸನ ಜಯಂತಿಯೆಂದು ಆಚರಿಸಲಾಗುತ್ತದೆ.

ಸರ್ವಜ್ಞರಾದವರು ಒಬ್ಬ ಯೋಗ್ಯ ಶ್ರೋತೃವಿಗಾಗಿ ಎರಡು ತಿಂಗಳಿಗೂ ಮೀರಿ ಕಾದರು. ಇಂದಿನ ಕಾಲವಾದರೋ ಮಾತನಾಡದೆ ಇರುವವರನ್ನು ಎರಡು ದಿನಗಳಲ್ಲಿ ಮರೆಯುತ್ತದೆ. ಮೊಬೈಲ್ ಪರದೆಯ ಮೇಲೆ ನಿತ್ಯವೂ ಹೊಸದೊಂದು ಕಾಣಬೇಕು. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು ಎಂಬ ಲೆಕ್ಕ ಅದರ ಕೆಳಗೇ ಮೂಡಬೇಕು. ಜನಮನವನ್ನು ಸೆಳೆಯಬಲ್ಲ ತೇಜಸ್ವಿಯಾದ ಗುರುವೊಬ್ಬರು ಇಂತಹ ಯುಗದಲ್ಲಿ ತಮ್ಮ ವ್ರತವನ್ನು ಹೇಗೆ ಕಾಪಾಡಿಕೊಂಡಾರು ಎಂಬ ಪ್ರಶ್ನೆ ಶ್ರದ್ಧಾವಂತರನ್ನು ಕಾಡುವುದು ಸಹಜ.

ಜೈನಾಗಮಕ್ಕೆ ಈ ಪ್ರಶ್ನೆ ತೀರ ಹೊಸದೇನಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಮುನಿಯು ಗೆಲ್ಲಬೇಕಾದ 22 ಪರೀಷಹಗಳನ್ನು ಎಣಿಸಿದ್ದಾರೆ. ಹಸಿವು, ಬಾಯಾರಿಕೆ, ಚಳಿ, ಸೆಕೆಗಳಿಂದ ಆರಂಭವಾಗುವ ಆ ಪಟ್ಟಿಯಲ್ಲಿ 12ನೆಯದು ಆಕ್ರೋಶ, ಅಂದರೆ ಬೈಗುಳವನ್ನು ಸಹಿಸುವುದು. 19ನೆಯದು ಸತ್ಕಾರ-ಪುರಸ್ಕಾರ. ಮಾನ ಸಿಕ್ಕಾಗ ಉಬ್ಬದೆ, ಸಿಗದಾಗ ಕುಗ್ಗದೆ ಇರುವುದು ಅದರ ತಾತ್ಪರ್ಯ. ನಿಂದೆ ಮತ್ತು ಹೊಗಳಿಕೆಗಳೆರಡನ್ನೂ ಹಸಿವಿನಷ್ಟೇ ಕಠಿಣವಾದ ಕಷ್ಟಗಳೆಂದು ಶಾಸ್ತ್ರಕಾರರು ಪರಿಗಣಿಸಿದ್ದಾರೆ. ಹಿಂದೆ ಈ ಎರಡೂ ಊರಿನಿಂದ ಊರಿಗೆ ನಿಧಾನವಾಗಿ ಬರುತ್ತಿದ್ದವು. ಈಗ ಕ್ಷಣಮಾತ್ರದಲ್ಲಿ ಸಾವಿರ ದಿಕ್ಕುಗಳಿಂದ ಬಂದೆರಗುತ್ತವೆ. ಪರೀಷಹ ಹಳೆಯದೇ ಆದರೂ ಅದರ ವೇಗ ಹೊಸದು.

ಆ ವೇಗದ ನಡುವೆಯೇ ಬಾಳಿ ತೋರಿಸಿದವರು ಕನ್ನಡ ನೆಲದಲ್ಲಿಯೇ ಜನಿಸಿದ ಆಚಾರ್ಯ ವಿದ್ಯಾಸಾಗರ ಮಹಾರಾಜರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ, 1968ರಲ್ಲಿ ಅಜ್ಮೇರದಲ್ಲಿ ಆಚಾರ್ಯ ಜ್ಞಾನಸಾಗರರಿಂದ ಮುನಿದೀಕ್ಷೆ ಪಡೆದರು. 1972ರಲ್ಲಿ ಗುರುಗಳೇ ತಮ್ಮ ಆಚಾರ್ಯಪದವನ್ನು ಶಿಷ್ಯನಿಗೆ ಒಪ್ಪಿಸಿದರು. ಮಾತೃಭಾಷೆ ಕನ್ನಡವಾದರೂ ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯವನ್ನು ಅವರು ರಚಿಸಿದರು. ಅವರ ಚಿತ್ರವಿಲ್ಲದ ಜೈನ ಮನೆ, ಅವರ ಪ್ರವಚನದ ತುಣುಕಿಲ್ಲದ ಮೊಬೈಲ್ ಮಧ್ಯಪ್ರದೇಶದ ಕಡೆ ಅಪರೂಪವೆನ್ನಬಹುದು. ಆದರೆ ಅವರ ಬಳಿಯಿದ್ದುದು ಪಿಂಛಿ ಮತ್ತು ಕಮಂಡಲು. ಬರಿಗಾಲಿನಲ್ಲಿ ನಡೆಯುತ್ತಿದ್ದರು, ಮುಂದಿನ ವಿಹಾರದ ದಿಕ್ಕನ್ನು ಮೊದಲೇ ಸಾರುತ್ತಿರಲಿಲ್ಲ. ಗುರುಗಳು ಎತ್ತ ಹೊರಟರೆಂಬುದು ಭಕ್ತರಿಗೆ ತಿಳಿಯುತ್ತಿದ್ದುದು ಅವರು ಹೆಜ್ಜೆಯಿಟ್ಟ ಮೇಲೆಯೇ. 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೋಂಗರಗಢದ ಚಂದ್ರಗಿರಿಯಲ್ಲಿ ಆಚಾರ್ಯಪದವನ್ನು ತ್ಯಜಿಸಿದರು, ಆಹಾರವನ್ನು ತ್ಯಜಿಸಿದರು, ಕೊನೆಗೆ ಮಾತನ್ನೂ ತ್ಯಜಿಸಿ 18ರಂದು ಸಮಾಧಿಸ್ಥರಾದರು. ಆ ಸುದ್ದಿ ಬೆಳಗಾಗುವುದರೊಳಗೆ ದೇಶವನ್ನೆಲ್ಲ ಹಬ್ಬಿತು. ಹಬ್ಬಿಸಿದ ಯಂತ್ರವನ್ನು ಅವರು ಎಂದೂ ಆಶ್ರಯಿಸಿದವರಲ್ಲ.

ಹಾಗೆಂದು ಯಂತ್ರವೇ ದೋಷವೆನ್ನಲಾಗದು. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನಾನಿರತರಾಗಿದ್ದಾಗ, ಅವರ ಕಡೆಯ ಉಪದೇಶವನ್ನು ಶ್ರಾವಕರು ಧ್ವನಿಮುದ್ರಿಸಿಕೊಂಡರು. ದಿನಗಟ್ಟಲೆ ಉಪವಾಸದಲ್ಲಿದ್ದ ಆ ಕ್ಷೀಣ ಕಂಠದ ಮಾತು ಇಂದಿಗೂ ಕೇಳಲು ದೊರೆಯುತ್ತಿದ್ದರೆ ಅದು ಯಂತ್ರದ ಉಪಕಾರವೇ ಸರಿ. ಮುನಿಯ ವ್ರತಕ್ಕೆ ಅದರಿಂದ ಚ್ಯುತಿ ಬರಲಿಲ್ಲ. ಮಾತು ಕೇಳುವವರ ಸಂಖ್ಯೆಗಾಗಿ ಅವರು ಮಾತನಾಡಿರಲಿಲ್ಲ. ಯಂತ್ರವು ಉಪದೇಶವನ್ನು ಹಿಂಬಾಲಿಸಿದರೆ ಹಿತ. ಉಪದೇಶವೇ ಯಂತ್ರದ ರುಚಿಯನ್ನು ಹಿಂಬಾಲಿಸತೊಡಗಿದರೆ ಅಲ್ಲಿ ಸಂಯಮ ಸಡಿಲವಾಗುತ್ತದೆ.

ಇನ್ನೊಂದು ಅಪಾಯ ಭಕ್ತರ ಕಡೆಯಿಂದ ಬರುತ್ತದೆ. ಣಮೋಕಾರ ಮಂತ್ರದಲ್ಲಿ ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐದು ಪದಗಳಿಗೆ ನಮಸ್ಕಾರವಿದೆ. ಯಾವ ವ್ಯಕ್ತಿಯ ಹೆಸರೂ ಇಲ್ಲ, ತೀರ್ಥಂಕರರ ಹೆಸರು ಕೂಡ ಇಲ್ಲ. ಗುಣವನ್ನು ವಂದಿಸುವ ಧರ್ಮವಿದು. ಶ್ವೇತಾಂಬರ ಪರಂಪರೆಯ ಕಥೆಯಂತೆ, ಗೌತಮ ಗಣಧರರಿಗೆ ಭಗವಾನ್ ಮಹಾವೀರರ ಮೇಲಿದ್ದ ಅನುರಾಗವೇ ಕೇವಲಜ್ಞಾನಕ್ಕೆ ತಡೆಯಾಗಿತ್ತು. ಭಗವಂತರ ನಿರ್ವಾಣದ ರಾತ್ರಿ ಆ ರಾಗ ಕಳಚಿದ ಮೇಲೆಯೇ ಅವರಿಗೆ ಜ್ಞಾನೋದಯವಾಯಿತು. ತೀರ್ಥಂಕರರ ಮೇಲಿನ ಮೋಹವೇ ಬಂಧನವಾಗಬಲ್ಲದಾದರೆ, ‘ನಮ್ಮ ಗುರುಗಳು, ನಿಮ್ಮ ಗುರುಗಳು’ ಎಂದು ಪರದೆಯ ಮೇಲೆ ಕಾದಾಡುವ ಅಭಿಮಾನದ ಗತಿಯೇನು?

ಗುರುವಿನ ವ್ರತವನ್ನು ಗುರುಗಳು ನೋಡಿಕೊಳ್ಳುತ್ತಾರೆ. ಶ್ರಾವಕನು ನೋಡಿಕೊಳ್ಳಬೇಕಾದುದು ತನ್ನ ಅಣುವ್ರತವನ್ನು. ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆಗಳೂ ಸೇರಿವೆ. ತಪ್ಪು ಬೋಧನೆಯನ್ನು ಹರಡುವುದು ಮೊದಲನೆಯದು. ಪರರ ಗುಟ್ಟನ್ನು ಬಯಲಿಗೆಳೆಯುವುದು ಎರಡನೆಯದು. ಸುಳ್ಳು ಬರಹವನ್ನು ಸೃಷ್ಟಿಸುವುದು ಮೂರನೆಯದು. ಗುರುಗಳು ಆಡದ ಮಾತನ್ನು ಅವರ ಚಿತ್ರದ ಕೆಳಗೆ ಬರೆದು ಕಳುಹಿಸುವವನು, ಅರ್ಧ ಪ್ರವಚನವನ್ನು ಕತ್ತರಿಸಿ ಬೇರೆ ಅರ್ಥ ಬರುವಂತೆ ಹಂಚುವವನು ಈ ಅತಿಚಾರಗಳಿಗೆ ಗುರಿಯಾಗುತ್ತಾನೆ. ಬಂದ ಸಂದೇಶವನ್ನು ಮತ್ತೊಬ್ಬರಿಗೆ ಕಳುಹಿಸುವ ಮುನ್ನ ಇದು ಹಿತವೇ, ಮಿತವೇ, ಪ್ರಿಯವೇ ಎಂದು ಒಮ್ಮೆ ಕೇಳಿಕೊಂಡರೆ ಅನೇಕ ದೋಷಗಳು ಅಲ್ಲಿಯೇ ನಿಲ್ಲುತ್ತವೆ.

ದಿನಕ್ಕೊಂದು ಸಾಮಾಯಿಕ, ಅಂದರೆ ಒಂದು ಮುಹೂರ್ತ, 48 ನಿಮಿಷ. ಅಷ್ಟು ಹೊತ್ತು ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿ ಕುಳಿತುಕೊಳ್ಳುವುದು ಇಂದಿನ ಶ್ರಾವಕನಿಗೆ ಸಣ್ಣ ತಪಸ್ಸಲ್ಲ. ಕೇಳಿದ ಪ್ರವಚನ ಮನಸ್ಸಿನಲ್ಲಿ ಎಷ್ಟು ಉಳಿದಿದೆ ಎಂಬುದು ಆ ಮೌನದಲ್ಲಿಯೇ ತಿಳಿಯುವುದು.