ಬಾಡಿ ಜೀಪಿಂದು, ಚಾಸಿ ಯಾರದು?
ಹೋದ ತಿಂಗಳು ಒಂದು ಜೀಪಿಗೆ ಅಡ್ವಾನ್ಸ್ ಕೊಡೋಕೆ ಹೊರಟಿದ್ದೆ. ಮೇಲೆ ವಿಲ್ಲಿಸ್ ಬಾಡಿ, ಕೆಳಗೆ ಬೊಲೆರೊ ಚಾಸಿ. ಇಂಥ ಗಾಡಿಗಳಲ್ಲಿ ಏಣಿ ಥರದ ಚಾಸಿ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿ ಎತ್ತಬಹುದು. ಸ್ವಿಫ್ಟ್‌ನಲ್ಲಿ ಆಗಲ್ಲ, ಅಲ್ಲಿ ಬಾಡಿನೇ ಚಾಸಿ.

ತೊಂದರೆ ಇರೋದು ಅಳತೆಯಲ್ಲಿ. ವಿಲ್ಲಿಸ್‌ನ ವೀಲ್‌ಬೇಸ್ 80 ಇಂಚು, ಬೊಲೆರೊದು ಸುಮಾರು 105. ಹಾಗಾಗಿ ಚಾಸಿಯನ್ನೇ ಕತ್ತರಿಸಿ ವೆಲ್ಡ್ ಮಾಡಿದ್ರು. ಇಡೀ ಭಾರ ಹೊರೋದು ಅದೇ ಮಾರಾಯ್ರೇ!

ಕಾಗದಪತ್ರದ ಕಥೆ ಇನ್ನೊಂದು. ಆರ್‌ಸಿಯಲ್ಲಿ ಇನ್ನೂ ಬೊಲೆರೊ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಬಿ.ಕಾಂ. ಬುದ್ಧಿ ಇನ್ಶೂರೆನ್ಸ್ ಕಡೆ ಓಡಿತು: ಅಪಘಾತ ಆದ್ರೆ ಕ್ಲೇಮ್ ಕೇಳೋದು ಯಾವ ಗಾಡಿ ಹೆಸರಲ್ಲಿ?

ಅಡ್ವಾನ್ಸ್ ಜೇಬಲ್ಲೇ ಇಟ್ಕೊಂಡು ಬಸ್ ಹತ್ತಿದೆ.