ಮಳೆಗಾಲಕ್ಕೆ ಮುನ್ನ ಬೈಕಿನ ಹಿಂದಿನ ಬ್ರೇಕು: ದೋಷ ಪತ್ತೆ ಮತ್ತು ದುರಸ್ತಿ



ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಇಂದು ಬೈಕು ಮಾಡುತ್ತಿದೆ. ಬಿತ್ತನೆ ಬೀಜ, ಹಿಂಡಿ, ಹಾಲಿನ ಕ್ಯಾನು, ತೆಂಗಿನಕಾಯಿ ಎಲ್ಲವೂ ಹಿಂದಿನ ಸೀಟಿನ ಮೇಲೆಯೇ. ಎತ್ತಿಗೆ ಲಾಳ ಕಟ್ಟಿಸಲು ಮರೆಯದಿದ್ದ ನಾವು ಬ್ರೇಕನ್ನು ಮಾತ್ರ ಕೆಟ್ಟ ಮೇಲೆಯೇ ನೋಡುತ್ತೇವೆ.

ಒಂದು ಮಳೆಗಾಲದಲ್ಲಿ ಬೀಜಾಡಿಯ ಗದ್ದೆಯೊಂದನ್ನು ನೋಡಿ ಮರಳುವಾಗ, ನೀರು ನಿಂತ ಓಣಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರ ಬಳಿ ಬ್ರೇಕು ತುಳಿದೆ. ಪೆಡಲ್ ಇಳಿಯಿತು, ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕು ಹಿಡಿದು ರಸ್ತೆಯ ಅಂಚಿನಲ್ಲಿ ಹೇಗೋ ನಿಂತೆ. ತಪ್ಪು ನನ್ನದೇ, ಪೆಡಲ್ ಸಡಿಲವಾಗುತ್ತಿದ್ದುದನ್ನು ಕಂಡೂ ಸುಮ್ಮನಿದ್ದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ ಎಂಬುದನ್ನು ನೆನಪಿಡಿ.

ಬ್ರೇಕು ಕೆಲಸ ಮಾಡುವ ಬಗೆ

ಪೆಡಲ್ ತುಳಿದಾಗ ರಾಡು ಬ್ರೇಕ್ ಲಿವರನ್ನು ಎಳೆಯುತ್ತದೆ. ಕ್ಯಾಮ್ ತಿರುಗಿ ಎರಡು ಶೂಗಳನ್ನು ಅಗಲಿಸುತ್ತದೆ. ಶೂಗಳ ಲೈನರ್ ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಕರಾವಳಿಯ ಉಪ್ಪುಗಾಳಿಯಿಂದ ಕ್ಯಾಮ್ ತುಕ್ಕು ಹಿಡಿಯುತ್ತದೆ. ಹೊಯಿಗೆ ಒಳಸೇರಿದರೆ ಲೈನರ್ ಬೇಗ ಸವೆಯುತ್ತದೆ.

ಲಕ್ಷಣ ಮತ್ತು ಕಾರಣ

ಎಲೆ ಹಳದಿಯಾದ ಕೂಡಲೇ ಯೂರಿಯಾ ಸುರಿಯಬಾರದು, ಕಾರಣ ಹುಡುಕಬೇಕು. ಇಲ್ಲಿಯೂ ಹಾಗೆಯೇ.

1. ಪೆಡಲ್ ಬಹಳ ಕೆಳಗಿಳಿದರೆ: ಲೈನರ್ ಸವೆದಿದೆ ಅಥವಾ ರಾಡು ಸಡಿಲವಾಗಿದೆ. ರಾಡಿನ ತುದಿಯ ನಟ್ ಬಿಗಿ ಮಾಡಿ. ಸಾಮಾನ್ಯವಾಗಿ ಪೆಡಲ್ 20ರಿಂದ 30 ಮಿ.ಮೀ. ಖಾಲಿ ಚಲಿಸಿದ ಮೇಲೆ ಬ್ರೇಕು ಹಿಡಿಯಬೇಕು.

2. ಚಕ್ರ ಬಿಗಿಯಾಗಿ ಡ್ರಮ್ ಬಿಸಿಯಾದರೆ: ನಟ್ ಅತಿ ಬಿಗಿಯಾಗಿದೆ, ಕ್ಯಾಮ್ ಸಿಕ್ಕಿಕೊಂಡಿದೆ ಅಥವಾ ಸ್ಪ್ರಿಂಗ್ ಸೋತಿದೆ. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದೆ ಸರಿಸಿದಾಗಲೂ ಬ್ರೇಕು ಬಿಗಿಯಾಗುತ್ತದೆ, ಮತ್ತೆ ಹೊಂದಿಸಿಕೊಳ್ಳಿ.

3. ನೀರು ದಾಟಿದ ಮೇಲೆ ಹಿಡಿಯದಿದ್ದರೆ: ಲೈನರ್ ಒದ್ದೆಯಾಗಿದೆ. ನಿಧಾನವಾಗಿ ಸಾಗುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿ.

4. ಕಿರಿಚುವ ಸದ್ದು ಬಂದರೆ: ಧೂಳು ಸೇರಿದೆ ಅಥವಾ ಲೈನರ್ ಹೊಳಪೇರಿದೆ.

ದುರಸ್ತಿ ಕ್ರಮ

ಡ್ರಮ್ ತಣ್ಣಗಾದ ಮೇಲೆ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ರಾಡಿನ ನಟ್ ಕಳಚಿ ಚಕ್ರ ಬಿಚ್ಚಿ. ಬ್ರೇಕಿನ ಧೂಳನ್ನು ಊದಬೇಡಿ, ಅದು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಬಟ್ಟೆಯಿಂದ ಒರೆಸಿ. ಲೈನರ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಎರಡೂ ಶೂಗಳನ್ನು, ಸೋತ ಸ್ಪ್ರಿಂಗುಗಳನ್ನು ಬದಲಿಸಿ. ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕುವುದು ಅಪಾಯ. ಹೊಳಪೇರಿದ ಲೈನರನ್ನು ಮರಳುಕಾಗದದಿಂದ ಹಗುರವಾಗಿ ಉಜ್ಜಿದರೆ ಸಾಕು. ಕ್ಯಾಮಿನ ತುಕ್ಕು ತೆಗೆದು ತೆಳುವಾಗಿ ಗ್ರೀಸ್ ಸವರಿ; ಲೈನರಿಗೆ ಒಂದು ಹನಿಯೂ ತಾಗಕೂಡದು.

ಚಕ್ರ ಕೂರಿಸಿ, ಪೆಡಲ್ ತುಳಿದು ಹಿಡಿದೇ ಆಕ್ಸಲ್ ನಟ್ ಬಿಗಿ ಮಾಡಿ; ಶೂಗಳು ನಡುವಿಗೆ ಬರುತ್ತವೆ. ಬ್ರೇಕ್ ತಟ್ಟೆಯನ್ನು ಹಿಡಿದಿಡುವ ಪಟ್ಟಿಯಿದ್ದರೆ ಅದರ ನಟ್ ಮತ್ತು ಪಿನ್ ಮರೆಯಬೇಡಿ. ಅದು ಕಳಚಿದರೆ ತಟ್ಟೆಯೇ ತಿರುಗಿ ಚಕ್ರ ಒಮ್ಮೆಲೇ ಕಚ್ಚಿಕೊಳ್ಳಬಹುದು. ಕೊನೆಗೆ ಚಕ್ರ ಸರಾಗ ತಿರುಗುವುದನ್ನೂ ಬ್ರೇಕ್ ದೀಪ ಉರಿಯುವುದನ್ನೂ ನೋಡಿ, ಖಾಲಿ ಜಾಗದಲ್ಲಿ ನಿಧಾನವಾಗಿ ಪರೀಕ್ಷಿಸಿ.

2019ರ ಏಪ್ರಿಲ್ ನಂತರ ಮಾರಾಟವಾದ 125 ಸಿ.ಸಿ.ವರೆಗಿನ ಹೆಚ್ಚಿನ ಬೈಕುಗಳಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಹಿಡಿಯುತ್ತದೆ. ಇಂಥವನ್ನೂ ಡಿಸ್ಕ್ ಬ್ರೇಕುಗಳನ್ನೂ ಅನುಭವಿ ಮೆಕ್ಯಾನಿಕ್‌ಗೇ ಬಿಡಿ.

ಬೀಜೋಪಚಾರಕ್ಕೆ ಕುಳಿತ ದಿನವೇ ಬ್ರೇಕನ್ನೂ ನೋಡಿಬಿಡಿ. ಎರಡಕ್ಕೂ ತಗಲುವ ಖರ್ಚು ಅಲ್ಪ. ತಪ್ಪುವ ನಷ್ಟ ದೊಡ್ಡದು.